ಏಳನೇ ನಂಬರಿನ ದೋಣಿ

1957ನೇ ಇಸವಿ ಜನವರಿ 17, ಗುರುವಾರ. ಬೆಳಿಗ್ಗೆ 8 ಗಂಟೆ 20 ನಿಮಿಷಕ್ಕೆ ಕುಂಬಳೆ ಠಾಣೆಗೆ ಸರ್ಕಾರವೇ ಫಿರ್ಯಾದಿಯಾಗಿ ಬಂತು.

ಸರ್ಕಾರದ ಪರವಾಗಿ ಮೆಟ್ಟಿಲು ಹತ್ತಿದವರು ವಿಶೇಷ ತಹಶೀಲ್ದಾರ ಈಶ್ವರಪ್ರಸಾದರು. ಕಾಸರಗೋಡು ತಾಲೂಕು ಮದ್ರಾಸನ್ನು ಬಿಟ್ಟು ಕೇರಳಕ್ಕೆ ಸೇರಿ ಎರಡೂವರೆ ತಿಂಗಳಾಗಿತ್ತು. ಜನರನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ದಾಟಿಸಲು ಒಂದು ತಾರೀಕು ಸಾಕಾಗಿತ್ತು. ಕುರ್ಚಿ, ಕಪಾಟು, ಗಡಿಯಾರ, ಗುದ್ದಲಿ ಇತ್ಯಾದಿಗಳಿಗೆ ಪಟ್ಟಿ ಬೇಕು. ತಾಲೂಕಿನ ಸರ್ಕಾರಿ ಸೊತ್ತನ್ನೆಲ್ಲ ಪರಿಶೀಲಿಸಿ ಆ ಪಟ್ಟಿ ಮಾಡಿಸುವ ಮೇಲ್ವಿಚಾರಣೆ ಈಶ್ವರಪ್ರಸಾದರದು. ಅವರ ಅಂಗಿಯ ಕಿಸೆಯಲ್ಲಿ ಚರ್ಮದ ಡಬ್ಬಿಯ ಅಳತೆ ಟೇಪು ಸದಾ ಇರುತ್ತಿತ್ತು. ‘ಉಂಟು’ ಎಂದು ಬರೆದ ವಸ್ತುವನ್ನು ಅವರು ಮುಟ್ಟಿ ನೋಡುತ್ತಿದ್ದರು, ಆಮೇಲೆ ಅಳೆಯುತ್ತಿದ್ದರು. ಇದರಿಂದ ಅವರಿಗೆ ತಾಲೂಕಿನಲ್ಲಿ ಸ್ನೇಹಿತರು ಉಳಿದಿರಲಿಲ್ಲ.

“ಒಂದು ದೋಣಿ ಕಾಣುದಿಲ್ಲ ಆಳ್ವರೇ” ಎಂದರು.

ಸಬ್‌ಇನ್ಸ್‌ಪೆಕ್ಟರ್ ಹರಿನಾಥ ಆಳ್ವ ಪೆನ್ನಿನ ಮುಚ್ಚಳ ತೆಗೆದ. “ಯಾವ ದೋಣಿ?”

“ಬೊಳ್ಮಾರು ಕಡವಿನದ್ದು. ಡಿಸ್ಟ್ರಿಕ್ಟ್ ಬೋರ್ಡಿನ ಏಳನೇ ನಂಬರು. ಇವತ್ತು ಏಳೂವರೆಗೆ ಅಳತೆ ಅಂತ ಶನಿವಾರವೇ ನೋಟೀಸು ಕೊಟ್ಟಿದ್ದೆ. ಹೋಗಿ ನೋಡಿದ್ರೆ ಹೊಳೆ ಮಾತ್ರ ಉಂಟು.”

“ಕಟ್ಟಿದ ಹಗ್ಗ ಬಿಚ್ಚಿ ಹೋಗಿರಬಹುದಲ್ಲ?”

“ಬೋರ್ಡಿನ ಓವರ್‌ಸಿಯರ್ ಇಂದ್ರರು ಕೂಡ ಅದನ್ನೇ ಹೇಳಿದ್ರು. ನಾನು ಹಾಗೇ ಬರೆದುಬಿಡುತ್ತಿದ್ದೆ. ಆದರೆ ದೋಣಿಯವನೇ ಒಪ್ಪುದಿಲ್ಲ. ಅವನು ಕಟ್ಟಿದ ಗಂಟು ಬಿಚ್ಚಿಕೊಳ್ಳುದಿಲ್ಲವಂತೆ! ಗಂಟು ಬಿಚ್ಚದಿದ್ರೆ ಕಳವು. ಕಳವಾದ್ರೆ ದೋಣಿ ಯಾರ ವಶದಲ್ಲಿತ್ತೋ ಅವನು ಉತ್ತರ ಹೇಳಬೇಕು. ಮೂವತ್ತೊಂದನೇ ತಾರೀಕಿಗೆ ಪಟ್ಟಿ ಕಣ್ಣೂರಿಗೆ ಹೋಗ್ಬೇಕು, ನನಗೆ ಬೇರೆ ದಾರಿ ಇಲ್ಲ.”

ಠಾಣೆಯ ಅಪರಾಧ ಸಂಖ್ಯೆ 4/57, ಕಲಂ 379, ಕಳವು. ಎಫ್.ಐ.ಆರ್. ಮೇಲೆ ಬಿದ್ದ ಮೊಹರು ಇನ್ನೂ ಮದ್ರಾಸಿನದೇ ಆಗಿತ್ತು. ಕೇರಳದ ಮೊಹರು ಬರಲಿದೆ ಎಂಬ ಸುತ್ತೋಲೆ ಮಾತ್ರ ಬಂದಿತ್ತು.

9.15ಕ್ಕೆ ಆಳ್ವ ಮತ್ತು ಕಾನ್‌ಸ್ಟೇಬಲ್ ಭುಜಂಗ ಕಡವಿಗೆ ತಲುಪಿದರು. ಹೊಳೆ ಅಲ್ಲಿ ಅಗಲವಾಗಿ, ಸದ್ದಿಲ್ಲದೆ ಹರಿಯುತ್ತದೆ. ನಡುವೆ ಕುದ್ರು, ಅಂದರೆ ತೆಂಗಿನ ಮರಗಳ ಒಂದು ನಡುಗಡ್ಡೆ; ಆಚೆ ದಡದಲ್ಲಿ ಎರಡು ಊರು. ಈಚೆ ದಡಕ್ಕೆ ಬರಲಾರದ ಹತ್ತು ಹನ್ನೆರಡು ಜನ ಆಚೆ ನಿಂತು ಪೊಲೀಸರನ್ನು ನೋಡುತ್ತಿದ್ದರು. ಅವರಲ್ಲೊಬ್ಬ ಕೈಬೀಸಿ ಕೂಗಿದ: “ಓಡ ಎಲ್ಲಿ ಮಾರಾಯಾ? ನಾವೆಂತ ಈಜಿ ಬರುದಾ?”

ಭುಜಂಗ ದಡದ ಕಲ್ಲಿನ ರಾಶಿಯ ಹಿಂಬದಿಗೆ ಒರಗಿ ನಿಂತು ಪಂಚನಾಮೆಗೆ ಇಬ್ಬರು ಸಾಕ್ಷಿಗಳನ್ನು ಕರೆದ. ಒರಗಿದಲ್ಲಿಂದ ಎದ್ದಾಗ ಅವನ ಖಾಕಿ ಚಡ್ಡಿಯ ಹಿಂಭಾಗದಲ್ಲಿ ಅಡ್ಡಕ್ಕೆ ಒಂದು ಬಿಳಿ ಪಟ್ಟೆ ಮೂಡಿತ್ತು.

“ಥತ್! ಸುಣ್ಣ. ಹಸಿ ಉಂಟು ಸಾರ್.”

ರಸ್ತೆಗೆಂದು ಪೇರಿಸಿಟ್ಟ ಕೆಂಪುಕಲ್ಲಿನ ರಾಶಿ ಅದು. ಅಳೆದ ಮೇಲೆ ಓವರ್‌ಸಿಯರು ರಾಶಿಯ ಸುತ್ತ ಸುಣ್ಣದ ನೀರಿನ ಗೆರೆ ಎಳೆಯುತ್ತಾರೆ. ಆಮೇಲೆ ಯಾರಾದರೂ ಒಂದು ಕಲ್ಲು ಎಳೆದರೂ ಗೆರೆ ತುಂಡಾಗಿ ಗೊತ್ತಾಗುತ್ತದೆ. ಈ ರಾಶಿಯ ಗೆರೆ ಎಲ್ಲಿಯೂ ತುಂಡಾಗಿರಲಿಲ್ಲ.

ಪಂಚನಾಮೆಯಲ್ಲಿ ಬರೆಯಲು ಹೆಚ್ಚೇನೂ ಇರಲಿಲ್ಲ. ದೋಣಿ ಕಟ್ಟುವ ಗೂಟ ಭದ್ರವಾಗಿದೆ. ಹಗ್ಗ ಇಲ್ಲ. ಗೂಟದ ಬಳಿ ಹಗ್ಗದ ತುಂಡೂ ಇಲ್ಲ. ಅಂದರೆ ಯಾರೋ ಗಂಟನ್ನು ಕೈಯಿಂದ ಬಿಚ್ಚಿದ್ದಾರೆ.

ದೋಣಿಯ ಬಟ್ಯ ಗೂಟದ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ವಯಸ್ಸು ನಲವತ್ತೈದರ ಸುಮಾರು. ಪೊಲೀಸರು ಬಂದಾಗ ಎದ್ದು ಮುಂಡಾಸು ತೆಗೆದು ಮತ್ತೆ ಅಲ್ಲೇ ನಿಂತ.

“ನಿನ್ನೆ ಕೊನೆಯ ಸಲ ದಾಟಿಸಿದ್ದು?”

“ಸಂಜೆ ಆರೂವರೆಗೆ.”

“ಆಮೇಲೆ?”

“ಕಟ್ಟಿ ಮನೆಗೆ ಹೋದೆ.”

“ಗಂಟು ಸಡಿಲ ಬಿದ್ದಿರಬಹುದು ಅಂತ ಹೇಳಿದ್ರೆ ನಿನಗೆ ಒಳ್ಳೇದು, ಗೊತ್ತುಂಟಾ?”

“ಗೊತ್ತುಂಟು. ಆದ್ರೆ ಬೀಳುದಿಲ್ಲ.”

“ದೋಣಿ ಯಾರಿಗೆ ಕೊಟ್ಟೆ?”

ಉತ್ತರ ಬಂದದ್ದು ಬಟ್ಯನ ಹೆಂಡತಿ ಕಿನ್ನಿಯಿಂದ. ಅವಳು ಗುಡಿಸಲಿನ ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. “ಓಡ ಕದ್ದು ನಾವೆಂತ ಮಾಡುದು ಸ್ವಾಮೀ, ಒಲೆಗೆ ಇಡುದಾ? ಇವರಿಗೆ ಅದು ಬಿಟ್ರೆ ಬೇರೆ ಗೊತ್ತುಂಟಾ? ಮಳೆಗಾಲದಲ್ಲಿ ಅದನ್ನು ಮನೆಯೊಳಗೆ ತಂದು ನಮ್ಮನ್ನು ಜಗಲಿಗೆ ಹಾಕ್ತಾರೆ!”

“ಕಿನ್ನೀ, ಬಾಯಿ ಮುಚ್ಚು” ಎಂದ ಬಟ್ಯ.

ಮುಚ್ಚಿಸುವ ಅವಸರ ಸ್ವಲ್ಪ ಹೆಚ್ಚಾಯಿತು ಎಂದು ಆಳ್ವನಿಗೆ ಅನಿಸಿತು. ಬೋರ್ಡಿನ ದೋಣಿಯನ್ನು ಮಳೆಗಾಲದಲ್ಲಿ ಬೋರ್ಡಿನ ಶೆಡ್ಡಿನಲ್ಲಿ ಇಡಬೇಕು. ಅವನು ದಾಸ್ತಾನು ರಿಜಿಸ್ಟರಿನ ನಕಲು ಬಿಡಿಸಿ ಓದಿದ. ಕಡವು ದೋಣಿ, ನಂಬರು 7. ತೇಗದ ಮರ. ಉದ್ದ ಇಪ್ಪತ್ತೆಂಟು ಅಡಿ. ತಾಮ್ರದ ಮೊಳೆ ಹೊಡೆದದ್ದು. ಖರೀದಿ 1922. ಅದರ ಕೆಳಗೆ 1925ರಿಂದ 1956ರವರೆಗೆ ಮೂವತ್ತೆರಡು ಅಧಿಕಾರಿಗಳು ವರ್ಷಕ್ಕೊಬ್ಬರಂತೆ ‘ಪರಿಶೀಲಿಸಿದೆ, ಸುಸ್ಥಿತಿಯಲ್ಲಿದೆ’ ಎಂದು ಬರೆದು ಸಹಿ ಹಾಕಿದ್ದರು.

“ಬಟ್ಯ, ನಿನ್ನ ದೋಣಿ ಎಷ್ಟು ಉದ್ದ?”

“ಹತ್ತು ಕೋಲು.”

ಮಾತು ಬಾಯಿಂದ ಬಿದ್ದ ಕೂಡಲೇ ಬಟ್ಯನ ಮುಖ ಬದಲಾಯಿತು. ಆಳ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹತ್ತು ಕೋಲು ಎಂದರೆ ಹೆಚ್ಚೆಂದರೆ ಇಪ್ಪತ್ತನಾಲ್ಕು ಅಡಿ. ಮೂವತ್ತೆರಡು ಸಹಿಗಳ ಕೆಳಗೆ ನಾಲ್ಕು ಅಡಿ ದೋಣಿ ಎಲ್ಲಿಗೆ ಹೋಯಿತು?

“ರಿಜಿಸ್ಟರಿನಲ್ಲಿ ಇಪ್ಪತ್ತೆಂಟು ಅಡಿ ಉಂಟಲ್ಲ?”

ಬಟ್ಯ ನೆಲ ನೋಡಿದ.

“ತೇಗದ್ದಾ?”

ಆಮೇಲೆ ಎಷ್ಟು ಕೇಳಿದರೂ ಬಟ್ಯ ಬಾಯಿ ಬಿಡಲಿಲ್ಲ. ಪೊಲೀಸ್ ಭಾಷೆಯಲ್ಲಿ ಇದಕ್ಕೆ ‘ತನಿಖೆಗೆ ಸಹಕರಿಸದಿರುವುದು’ ಎಂದು ಹೆಸರು. ಈಶ್ವರಪ್ರಸಾದರು ವಾಚು ನೋಡಿಕೊಂಡರು. “ಇನ್ನೆಂತ ಬೇಕು ಆಳ್ವರೇ? ಹಿಡಿಯಿರಿ. ಇವತ್ತೇ ಅವನನ್ನು ಕೆಲಸದಿಂದ ತೆಗೆಯಲಿಕ್ಕೆ ನಾನು ಬರೀತೇನೆ.”

12.10ಕ್ಕೆ ಬಟ್ಯನ ದಸ್ತಗಿರಿಯಾಯಿತು. ಇಪ್ಪತ್ತನಾಲ್ಕು ಗಂಟೆಯೊಳಗೆ ಅವನನ್ನು ಕಾಸರಗೋಡಿನ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಇಲ್ಲವೇ ಬಿಡಬೇಕು. ಹಾಜರುಪಡಿಸಿದರೆ ಬಾಯಿ ಬಿಡದ ಆರೋಪಿಗೆ ಜೈಲು ಖಂಡಿತ. ಕೈಬಂಡಿಯ ಹಿಂದೆ ಬರುವ ನಾಯಿಯಂತೆ ಕಿನ್ನಿ ಠಾಣೆಯವರೆಗೂ ನಡೆದು ಬಂದು ಎದುರಿನ ಕಟ್ಟೆಯಲ್ಲಿ ಕೂತಳು. ಭುಜಂಗ ಎರಡು ಸಲ ಗದರಿಸಿ ಮೂರನೆಯ ಸಲ ಚಾ ಕೊಟ್ಟ.

ಮಧ್ಯಾಹ್ನ 3ಕ್ಕೆ ಓವರ್‌ಸಿಯರ್ ಗುಣಪಾಲ ಇಂದ್ರರ ಹೇಳಿಕೆ. ಸೀತಾಂಗೋಳಿಯ ಮನೆಯಿಂದ ಸೈಕಲಿನಲ್ಲಿ ಬಂದಿದ್ದರು. ಐವತ್ತನಾಲ್ಕು ವರ್ಷ, ತೆಳ್ಳಗಿನ ಮನುಷ್ಯ. ಮುಂದಿನ ಜೂನಿಗೆ ನಿವೃತ್ತಿ. ಇಡೀ ಸೇವೆಯಲ್ಲಿ ಒಂದು ವಿವರಣೆ ಕೇಳಿದ ಕಾಗದವೂ ಅವರ ಹೆಸರಿಗೆ ಬಂದದ್ದಿಲ್ಲ ಎಂದು ಬೋರ್ಡಿನಲ್ಲಿ ಖ್ಯಾತಿ.

“ಅವ ಕದಿಯುವವನಲ್ಲ ಸ್ವಾಮೀ. ಪಾಪದವ. ಹಗ್ಗ ಬಿಚ್ಚಿ ಹೋದದ್ದೇ ಇರಬೇಕು.”

“ಅವನೇ ಅಲ್ಲ ಅಂತಾನಲ್ಲ?”

“ಅವನಿಗೆ ಗಂಟಿನ ಅಭಿಮಾನ. ಅಭಿಮಾನಕ್ಕೆ ಜೈಲಾ?”

“ಏಳನೇ ನಂಬರಿನ ಮೊಳೆ ಯಾವುದರದ್ದು ಇಂದ್ರರೇ?”

ಇಂದ್ರರು ಕರವಸ್ತ್ರ ತೆಗೆದು ಕನ್ನಡಕ ಒರೆಸಿದರು. “ರಿಜಿಸ್ಟರಿನಲ್ಲಿ ಉಂಟಲ್ಲ. ತಾಮ್ರ.”

“ನೀವು ನೋಡಿದ್ದೀರಾ?”

“ಬಣ್ಣದ ಅಡಿಯಲ್ಲಿ ಮೊಳೆ ಯಾರಿಗೆ ಕಾಣ್ತದೆ?”

“ಕಡವಿನ ಬಳಿಯ ಕಲ್ಲಿನ ರಾಶಿ ಅಳೆದದ್ದು ಯಾವಾಗ?” ಎಂದು ಆಳ್ವ ಸುಮ್ಮನೆ ಕೇಳಿದ. ಭುಜಂಗನ ಚಡ್ಡಿ ಹೊರಗೆ ತಂತಿಯ ಮೇಲೆ ಒಣಗುತ್ತಿತ್ತು.

“ಶನಿವಾರ. ಆಮೇಲೆ ಮುಟ್ಟಲಿಲ್ಲ.”

“ಸುಣ್ಣ ಇವತ್ತು ಹಸಿ ಇತ್ತು.”

“ಇಬ್ಬನಿ ಬಿದ್ದಿರಬೇಕು” ಎಂದು ಹೇಳಿ ಇಂದ್ರರು ಹೇಳಿಕೆಗೆ ಸಹಿ ಹಾಕಿದರು. ಹೊರಗೆ ಹೋಗುವಾಗ ಲಾಕಪ್ಪಿನ ಕಡೆ ನೋಡಲಿಲ್ಲ. ಕಟ್ಟೆಯಲ್ಲಿದ್ದ ಕಿನ್ನಿ ಎದ್ದು ಕೈಮುಗಿದಳು. ಇಂದ್ರರು ಸೈಕಲಿಗೆ ಹತ್ತುವಾಗ ಪೆಡಲು ತಪ್ಪಿತು.

ಮರುದಿನ, ಶುಕ್ರವಾರ, ಬೆಳಿಗ್ಗೆ 6 ಗಂಟೆಗೆ ಅಳಿವೆಯ ಕಡೆಯ ಮೀನುಗಾರನೊಬ್ಬ ಠಾಣೆಗೆ ಬಂದ. ಹಿಂದಿನ ಸಂಜೆ ಅವನ ಬಲೆಗೆ ಹಲಗೆಗಳು ಸಿಕ್ಕಿದ್ದವಂತೆ. “ಒಂದರ ಮೇಲೆ ಏಳು ಅಂತ ಬರೆದುಂಟು. ಸರ್ಕಾರದ್ದು ಕಾಣ್ತದೆ. ಇಟ್ಟುಕೊಂಡ್ರೆ ನೀವು ಹಿಡೀತೀರಿ, ಬಿಟ್ರೆ ಬಲೆ ಹರೀತದೆ. ಅದಕ್ಕೆ ಹೇಳಿ ಹೋಗುವ ಅಂತ ಬಂದೆ.”

ಹಲಗೆಗಳನ್ನು ಕೈಗಾಡಿಯಲ್ಲಿ ತರಲು ಒಬ್ಬ ಪೇದೆಯನ್ನು ಕಳುಹಿಸಿ ಆಳ್ವ ಭುಜಂಗನೊಂದಿಗೆ ಕಡವಿಗೆ ಹೋದ. ಏಳು ಗಂಟೆಗೆ ನೀರಿನ ಇಳಿತ. ದೋಣಿ ಹಲಗೆಯಾಗಿ ಅಳಿವೆಗೆ ಹೋಗಿದ್ದರೆ ಅದನ್ನು ಕದ್ದದ್ದಲ್ಲ, ಒಡೆದದ್ದು. ಒಡೆದ ಜಾಗ ಇಲ್ಲೇ ಎಲ್ಲೋ ಇರಬೇಕು.

ಗೂಟದಿಂದ ಹತ್ತು ಮಾರು ಆಚೆ, ಮೊಣಕಾಲು ನೀರಿನಲ್ಲಿ ಭುಜಂಗನ ಕಾಲಿಗೆ ಕಲ್ಲು ತಾಗಿತು. ಒಂದಲ್ಲ, ಆರು ಕೆಂಪುಕಲ್ಲು, ಒಂದರ ಪಕ್ಕ ಒಂದು. ನಾಲ್ಕರ ಮುಖದ ಮೇಲೆ, ಮಂಕಾಗಿದ್ದರೂ ತಪ್ಪು ತಿಳಿಯಲಾರದಂತೆ, ಸುಣ್ಣದ ಗೆರೆಯಿತ್ತು.

ಆಳ್ವ ದಡಕ್ಕೆ ಬಂದು ರಾಶಿಯನ್ನು ಸುತ್ತಿ ನೋಡಿದ. ಹಿಂಬದಿಯ ಮೂಲೆಯಲ್ಲಿ ಗೆರೆಯ ಬಿಳಿ ಉಳಿದ ಗೆರೆಗಿಂತ ಹೊಸದು. ಅಲ್ಲಿ ಮೇಲಿನ ಸಾಲಿನಲ್ಲಿ ಆರು ಕಲ್ಲು ಕಡಿಮೆ. ಕಡಿಮೆಯಾದಲ್ಲಿಗೆ ಹೊಂದುವ ಹಾಗೆ ಗೆರೆಯನ್ನು ಒಂದು ಸಾಲು ಕೆಳಗಿಳಿಸಿ ಎಳೆದಿದ್ದರು.

“ಕಲ್ಲು ಯಾರೂ ತೆಗೀಬಹುದು ಸಾರ್” ಎಂದ ಭುಜಂಗ.

“ಹೌದು. ಆದರೆ ತೆಗೆದವನು ಬಾಲ್ದಿಯಲ್ಲಿ ಸುಣ್ಣ ಕಲಸಿ ತಂದು ಗೆರೆ ಸರಿ ಮಾಡ್ತಾನಾ? ಆ ಗೆರೆ ಯಾರಿಗೆ ಮುಖ್ಯ, ಹೇಳು.”

ಭುಜಂಗ ಹೇಳಲಿಲ್ಲ. ಅವನ ಚಡ್ಡಿ ಮೊದಲೇ ಹೇಳಿತ್ತು.

ಠಾಣೆಗೆ ಮರಳುವಾಗ 9.40. ಹಲಗೆಗಳು ಅಂಗಳದಲ್ಲಿ ಬಿದ್ದಿದ್ದವು, ಒಟ್ಟು ಹದಿನಾಲ್ಕು. ಈಶ್ವರಪ್ರಸಾದರು ಟೇಪು ಹಿಡಿದು ಆಗಲೇ ಅಳೆಯಲು ಶುರುಮಾಡಿದ್ದರು. ಅತ್ಯಂತ ಉದ್ದದ ಹಲಗೆ ಇಪ್ಪತ್ತಮೂರು ಅಡಿ ಎಂಟು ಇಂಚು. ಮರ ತೇಗವಲ್ಲ, ಹೆಬ್ಬಲಸು. ಅಂಚಿನುದ್ದಕ್ಕೂ ಬೆರಳು ತೂರುವಷ್ಟು ತೂತುಗಳ ಸಾಲು. ಒಂದೇ ಒಂದು ಮೊಳೆಯ ಗುರುತಿಲ್ಲ.

“ಇದು ಹೊಲಿದ ದೋಣಿ!” ಎಂದರು ಈಶ್ವರಪ್ರಸಾದರು. ದನಿಯಲ್ಲಿ ಅವಮಾನವೇ ಇತ್ತು.

ತೆಂಗಿನ ನಾರಿನ ಹುರಿಯಿಂದ ಹಲಗೆಗೆ ಹಲಗೆ ಹೊಲಿದು ಮಾಡುವ ದೋಣಿ ಈ ಕರಾವಳಿಯಲ್ಲಿ ಮೊಳೆಗಿಂತ ಹಳೆಯದು. ಪ್ರತಿ ವರ್ಷ ಮಳೆಗಾಲಕ್ಕೆ ಹೊಲಿಗೆ ಬಿಚ್ಚಿ ಹಲಗೆಗಳನ್ನು ಒಳಗಿಟ್ಟು, ಮಳೆ ಹೋದ ಮೇಲೆ ಹೊಸ ಹುರಿಯಲ್ಲಿ ಹೊಲಿಯುತ್ತಾರೆ. ಕಡವು ದಾಟುವ ಮಕ್ಕಳಿಗೂ ಗೊತ್ತಿರುವ ವಿಷಯ ಇದು. ಪರಿಶೀಲನೆಗೆ ಬಂದ ಮೂವತ್ತೆರಡು ಅಧಿಕಾರಿಗಳೂ ಆ ಹೊಲಿಗೆಯ ಮೇಲೇ ಕಾಲಿಟ್ಟು ಕೂತು ಹೊಳೆ ದಾಟಿದ್ದರು. ದಾಟಿದ ಮೇಲೆ, ದೋಣಿ ಉಂಟು, ನಂಬರು ಉಂಟು, ತೇಲುತ್ತದೆ. ರಿಜಿಸ್ಟರಿನಲ್ಲಿ ಬರೆದ ತಾಮ್ರದ ಮೊಳೆಯನ್ನು ಹುಡುಕಲು ಯಾರಿಗೂ ತೋಚಲಿಲ್ಲ.

ಆಳ್ವ ಬಟ್ಯನನ್ನು ಅಂಗಳಕ್ಕೆ ಕರೆಸಿದ. ಬಟ್ಯ ಹಲಗೆಗಳನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಬಗ್ಗಿ ತೂತುಗಳಲ್ಲಿ ಉಳಿದಿದ್ದ ಹುರಿಯ ತುದಿಗಳನ್ನು ಒಂದೊಂದಾಗಿ ಮುಟ್ಟಿದ. ತಳದ ಹಲಗೆಗಳಲ್ಲಿದ್ದ ತುದಿಗಳೆಲ್ಲ ಕತ್ತಿಯಲ್ಲಿ ಕೊಯ್ದಂತೆ ಸಪಾಟಾಗಿದ್ದವು. ಕೆಲವೆಡೆ ಅಲಗು ಮರದ ಅಂಚಿಗೂ ಇಳಿದಿತ್ತು.

“ಇದು ಯಾರ ದೋಣಿ?”

ಬಟ್ಯ ಹೇಳಿದ: “ನನ್ನ ಅಪ್ಪನದ್ದು. ಮಂಜನ ಓಡ.”

“ಬೋರ್ಡಿನ ನಂಬರು ಯಾಕೆ ಉಂಟು?”

“ಅದು ಹೇಳ್ಲಿಕ್ಕಿಲ್ಲ. ಅಪ್ಪ ಮಾತು ಕೊಟ್ಟದ್ದು.”

“ಯಾರಿಗೆ?”

ಬಟ್ಯ ಹಲಗೆಗೆ ಅಂಟಿದ ಮರಳನ್ನು ಕೈಯಿಂದ ಒರೆಸಿದ.

“ನೋಡು ಬಟ್ಯ, ಹನ್ನೆರಡು ಹತ್ತಕ್ಕೆ ನಿನ್ನನ್ನು ಕಾಸರಗೋಡಿಗೆ ಕಳಿಸಬೇಕು. ಸರ್ಕಾರದ ದೋಣಿ ಕದ್ದವ ಅಂತ ಕಳಿಸ್ತೇನೆ. ನಿನ್ನ ಓಡಕ್ಕೆ ಕತ್ತಿ ಹಾಕಿದವ ಮನೆಯಲ್ಲಿ ಊಟ ಮಾಡ್ತಾನೆ. ಆಗಬಹುದಾ?”

ಬಟ್ಯ ಕೊಯ್ದ ಹುರಿಯನ್ನು ಮೂಗಿನ ಹತ್ತಿರ ಹಿಡಿದು ಮತ್ತೆ ಕೆಳಗಿಟ್ಟ. ಅವನ ಕಣ್ಣು ತುಂಬಿದ್ದನ್ನು ಕಂಡವಳು ಕಟ್ಟೆಯಿಂದ ಓಡಿ ಬಂದ ಕಿನ್ನಿ. “ಹೇಳಿ ಮಾರಾಯ್ರೆ! ಸತ್ತ ಮಾವನ ಮಾತಿಗೆ ಬದುಕಿದ್ದವರು ಜೈಲಿಗೆ ಹೋಗುದಾ?”

“ಅವರು ಹೀಗೆ ಮಾಡ್ಲಿಕ್ಕಿಲ್ಲ” ಎಂದಷ್ಟೇ ಹೇಳಿದ ಬಟ್ಯ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಉಳಿದಿರಲಿಲ್ಲ.

10.50ಕ್ಕೆ ಸೀತಾಂಗೋಳಿ ರಸ್ತೆಯಲ್ಲಿ ಜಲ್ಲಿ ಹಾಸುತ್ತಿದ್ದಲ್ಲಿ ಗುಣಪಾಲ ಇಂದ್ರರು ಸಿಕ್ಕಿದರು. ಆಳ್ವ ಜೀಪಿನ ಹಿಂದಿನಿಂದ ಒಂದು ಕೆಂಪುಕಲ್ಲನ್ನು ಇಳಿಸಿ ಅವರ ಕಾಲ ಬಳಿ ಇಟ್ಟ. ಗೆರೆಯಿದ್ದ ಮುಖ ಮೇಲಿತ್ತು.

“ಇದು ಹೊಳೆಯಲ್ಲಿ ಇತ್ತು. ಹೀಗಿನದ್ದು ಇನ್ನೂ ಐದು. ನಿಮ್ಮ ರಾಶಿಯ ಗೆರೆ ಮಾತ್ರ ತುಂಡಾಗಿಲ್ಲ.”

ಇಂದ್ರರು ಕಲ್ಲನ್ನೇ ನೋಡಿದರು.

“ಗುರುವಾರ ಬೆಳಿಗ್ಗೆ ಗೆರೆ ಸರಿ ಮಾಡಿದ್ದು ಎಷ್ಟು ಗಂಟೆಗೆ?”

“ಆರೂವರೆ” ಎಂದರು ಇಂದ್ರರು. “ಮುರಿದ ಗೆರೆ ಬಿಟ್ಟು ಹೋಗ್ಲಿಕ್ಕೆ ಆಗಲಿಲ್ಲ. ಮೂವತ್ತು ವರ್ಷದ ಅಭ್ಯಾಸ.”

ಗ್ಯಾಂಗಿನ ಆಳುಗಳು ಗುದ್ದಲಿ ನಿಲ್ಲಿಸಿ ನೋಡುತ್ತಿದ್ದರು. 11 ಗಂಟೆಗೆ ದಸ್ತಗಿರಿ. ಇಂದ್ರರು ಅಳತೆ ಪುಸ್ತಕವನ್ನು ಮೇಸ್ತ್ರಿಗೆ ಒಪ್ಪಿಸಿ, ಯಾವ ಪುಟದವರೆಗೆ ಬರೆದಿದೆ ಎಂದು ತೋರಿಸಿ ಜೀಪು ಹತ್ತಿದರು.

ಅವರ ಹೇಳಿಕೆ ಎರಡು ಪುಟ. 1924ರ ಜುಲೈಯ ನೆರೆಯಲ್ಲಿ ಗುಣಪಾಲ ಇಪ್ಪತ್ತೊಂದು ವರ್ಷದ ಹಂಗಾಮಿ ಮೇಸ್ತ್ರಿ. ನೀರು ಗುರುತಿನ ಕಲ್ಲು ಮೀರಿದರೆ ಸರ್ಕಾರಿ ದೋಣಿ ಇಳಿಸಬಾರದು ಎಂಬುದು ನಿಯಮ. ಕಲ್ಲು ಮುಳುಗಿ ಎರಡು ಗಂಟೆಯಾಗಿತ್ತು. ಕುದ್ರುವಿನ ತೆಂಗಿನ ಮರಗಳಲ್ಲಿ ಜನ ತಮ್ಮನ್ನು ಹಗ್ಗದಿಂದ ಕಟ್ಟಿಕೊಂಡು ಕೂತಿದ್ದರು. ಅವನು ಬೀಗ ಒಡೆದು ದೋಣಿ ಇಳಿಸಿದ. ಎರಡು ಸಲದಲ್ಲಿ ಹತ್ತೊಂಬತ್ತು ಜನರನ್ನು ದಾಟಿಸಿದ. ಮೂರನೆಯ ಸಲಕ್ಕೆ ದೋಣಿ ಮರಕ್ಕೆ ಬಡಿದು ಚೂರಾಯಿತು. ಅವನು ಈಜಿ ಬದುಕಿದ. ದಾಟಿದವರಲ್ಲಿ ಮಂಜ, ಅವನ ಹೆಂಡತಿ ಮತ್ತು ಹನ್ನೆರಡು ವರ್ಷದ ಬಟ್ಯ ಇದ್ದರು. ನೆರೆ ಇಳಿದ ಮೇಲೆ ದಾಸ್ತಾನು ಪರಿಶೀಲನೆ ಬಂತು. ಮಂಜ ತನ್ನ ಹೊಸ ಓಡವನ್ನು ತಂದು ಗೂಟಕ್ಕೆ ಕಟ್ಟಿ, ‘ನಂಬರು ಬರೀರಿ ಧನೀ, ನಾವು ಯಾರಿಗೂ ಹೇಳುದಿಲ್ಲ’ ಎಂದ. ಅವನೇ ಕಡವಿನ ದೋಣಿಗನಾದ, ಅವನ ನಂತರ ಬಟ್ಯ. ಪ್ರತಿ ವರ್ಷ ಹೊಲಿಗೆಗೆ ಬೇಕಾದ ಹುರಿಯನ್ನು ಇಂದ್ರರೇ ತಂದು ಕೊಡುತ್ತಿದ್ದರು.

“ನಿಜ ಬರೆದಿದ್ರೆ ಬೋರ್ಡು ನಿಮಗೆ ಬಹುಮಾನ ಕೊಡ್ತಿತ್ತಲ್ಲ ಇಂದ್ರರೇ!” ಎಂದ ಆಳ್ವ.

“ಕೊಡ್ತಿತ್ತೋ ಎಂತದೋ. ಆ ವರ್ಷ ಹೇಳ್ಲಿಕ್ಕೆ ಹೆದರಿಕೆ. ಆಮೇಲೆ ಪ್ರತಿ ವರ್ಷವೂ ತಡ ಆಗಿತ್ತು.”

ಟೇಪಿನ ನೋಟೀಸು ಬಂದಾಗ ದಾರಿ ಒಂದೇ ಉಳಿದಿತ್ತು. ಇಲ್ಲದ ದೋಣಿಯನ್ನು ಯಾರೂ ಅಳೆಯಲಾರರು. ರಾತ್ರಿಯೇ ಕಲ್ಲು ತುಂಬಿ, ತಳದ ಹೊಲಿಗೆ ಕೊಯ್ದರೆ ಮುಳುಗುತ್ತದೆ, ಗಂಟು ಬಿಚ್ಚಿ ಹೋಯಿತೆಂದು ರಿಜಿಸ್ಟರಿನಿಂದ ತೆಗೆಯುತ್ತಾರೆ ಎಂದು ನಂಬಿದ್ದರು. ಹೊಲಿದ ದೋಣಿ ಮುಳುಗುವ ಮೊದಲು ಬಿಚ್ಚಿಕೊಳ್ಳುತ್ತದೆ ಎಂಬುದು ಕಲ್ಲು ಜಲ್ಲಿಯ ಮನುಷ್ಯನಿಗೆ ಗೊತ್ತಿರಲಿಲ್ಲ. ಬಟ್ಯ ತನ್ನ ಗಂಟನ್ನು ಬಿಟ್ಟುಕೊಡುವುದಿಲ್ಲ ಎಂಬುದೂ ಗೊತ್ತಿರಲಿಲ್ಲ.

ಕಳವಿನ ಕಲಂ ಹೊಡೆದುಹಾಕಿ ಸೊತ್ತು ಹಾಳು ಮಾಡಿದ್ದು, ಸುಳ್ಳು ದಾಖಲೆ ಇಟ್ಟದ್ದು ಎಂದು ಸೇರಿಸಲಾಯಿತು. 11.55ಕ್ಕೆ ಬಟ್ಯನ ಬಿಡುಗಡೆ. ಅವನು ಅಂಗಳದಲ್ಲಿ ಹಲಗೆಗಳನ್ನು ಒಟ್ಟು ಮಾಡತೊಡಗಿದಾಗ ಭುಜಂಗ ತಡೆದ.

“ಇದು ಮುದ್ದೆಮಾಲು ಮಾರಾಯ, ಕೇಸಿನ ಸೊತ್ತು. ಕೋರ್ಟು ತೀರ್ಮಾನ ಆಗುವವರೆಗೆ ಸರ್ಕಾರದ ವಶ.”

“ಓ, ಈಗ ನಿಜಕ್ಕೂ ಸರ್ಕಾರದ್ದಾಯ್ತಾ?” ಎಂದಳು ಕಿನ್ನಿ. ಈಶ್ವರಪ್ರಸಾದರು ಟೇಪನ್ನು ಡಬ್ಬಿಗೆ ಸುತ್ತುತ್ತ ಬೇರೆ ಕಡೆ ನೋಡಿದರು.

ಬಟ್ಯ ಹಲಗೆ ಬಿಟ್ಟು ಒಳಗೆ ಬಂದ. ಆಳ್ವ ತಡೆಯಲಿಲ್ಲ. ಲಾಕಪ್ಪಿನ ಸರಳುಗಳ ಮುಂದೆ ಬಟ್ಯ ಮುಂಡಾಸು ತೆಗೆದು ನಿಂತ. ಒಳಗಿದ್ದ ಇಂದ್ರರು ತಲೆ ಎತ್ತಲಿಲ್ಲ.

“ಧನೀ, ಒಂದು ಮಾತು ಕೇಳಿದ್ರೆ ನಾನೇ ಹೊಲಿಗೆ ಬಿಚ್ಚಿ ಕೊಡ್ತಿದ್ದೆ. ಕತ್ತಿ ಯಾಕೆ ಹಾಕಿದ್ರಿ?”

“ಕೊಡ್ತಿ ಅಂತ ಗೊತ್ತಿತ್ತು ಬಟ್ಯ” ಎಂದರು ಇಂದ್ರರು. “ನಿನ್ನ ಅಪ್ಪನೂ ಹಾಗೇ ಕೊಟ್ಟ. ಎರಡನೇ ಸಲ ಕೇಳ್ಲಿಕ್ಕೆ ಬಾಯಿ ಬರಲಿಲ್ಲ.”